ಅರ್ಧಕ್ಕೆ ನಿಲ್ಲಬಾರದ ಚಿಕಿತ್ಸೆ

ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿರುವ ಹೆಂಗಸಿನ ಮನೆಯಲ್ಲಿ ಐದನೆಯ ವಾರ ಮುಗಿಯುತ್ತಿದ್ದಂತೆ ಎಲ್ಲರಿಗೂ ಉಸಿರು ಬಂದಂತಾಗುತ್ತದೆ. 25 ಸಲ ‘ಕರೆಂಟ್’ ಕೊಟ್ಟಾಗಿದೆ, ರಕ್ತ ಹೋಗುವುದು ನಿಂತಿದೆ, ಬಿಳಿ ಸೆರಗು ಕಡಿಮೆಯಾಗಿದೆ, ಸೊಂಟದ ನೋವೂ ಇಳಿದಿದೆ. ಆಗ ವೈದ್ಯರು ಹೇಳುತ್ತಾರೆ: ಇನ್ನು ಒಳಗಿನಿಂದ ವಿಕಿರಣ ಕೊಡಬೇಕು, ಮೂರು ನಾಲ್ಕು ಸಲ ಬರಬೇಕು. “ಎಲ್ಲ ಸರಿ ಆಯ್ತಲ್ಲ ಅಕ್ಕಾ, ಮತ್ತೆ ಯಾಕೆ ಮೈ ನೋಯಿಸಿಕೊಳ್ಳೋದು?” ಎಂದು ಪ್ರೀತಿಯಿಂದಲೇ ಕೇಳುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಡೊಂಬಿವಲಿ, ಕಲ್ಯಾಣ್, ಠಾಣೆ, ನವಿ ಮುಂಬಯಿಯ ಕನ್ನಡ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹೇಳಬೇಕೆನಿಸಿದೆ. ಆ ಹಂತದಲ್ಲಿ ನಿಲ್ಲಿಸಿದರೆ ಹಿಂದಿನ ಐದು ವಾರ ಪಟ್ಟ ಪಾಡೆಲ್ಲ ವ್ಯರ್ಥವಾಗುವ ಅಪಾಯವಿದೆ. ಬ್ರಾಕಿಥೆರಪಿ ಎನ್ನುವ ಈ ಒಳಗಿನ ವಿಕಿರಣ ಕೆಲವು ಕ್ಯಾನ್ಸರುಗಳಲ್ಲಿ ಹಲವು ದಾರಿಗಳಲ್ಲಿ ಒಂದು. ಗರ್ಭಕಂಠದ ಕ್ಯಾನ್ಸರಿನಲ್ಲಿ ಮಾತ್ರ, ಅದೂ ಶಸ್ತ್ರಚಿಕಿತ್ಸೆಯ ಹಂತ ದಾಟಿದವರಲ್ಲಿ, ಅದೇ ಚಿಕಿತ್ಸೆಯ ತಿರುಳು.

ಕಾರಣ ಸರಳವಾದ ಭೌತಶಾಸ್ತ್ರದಲ್ಲಿದೆ. ಹೊರಗಿನ ಯಂತ್ರದಿಂದ ಬರುವ ಕಿರಣ ಕಿಬ್ಬೊಟ್ಟೆಯನ್ನೆಲ್ಲ ಹಾದು ಗಡ್ಡೆಯನ್ನು ಮುಟ್ಟುತ್ತದೆ. ಗರ್ಭಕಂಠದ ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಮೇಲೆ ಕರುಳು. ಇವುಗಳಿಗೆ ಶಾಶ್ವತ ಹಾನಿಯಾಗದಂತೆ ಇಡೀ ಭಾಗಕ್ಕೆ ಕೊಡಬಹುದಾದದ್ದು ಸುಮಾರು 45ರಿಂದ 50 ಗ್ರೇ (ವಿಕಿರಣದ ಅಳತೆ). ದೊಡ್ಡ ಗಡ್ಡೆ ಪೂರ್ತಿ ಸಾಯಬೇಕಾದರೆ 80–85 ಗ್ರೇ ಅಥವಾ ಅದಕ್ಕೂ ಹೆಚ್ಚು ಬೇಕು. ಉಳಿದದ್ದನ್ನು ಕೊಡುವ ಉಪಾಯವೆಂದರೆ ವಿಕಿರಣದ ಮೂಲವನ್ನೇ ಗಡ್ಡೆಯ ನಡುವೆ ಇಡುವುದು. ಮೂಲದಿಂದ 1 ಸೆಂಟಿಮೀಟರ್ ದೂರದಲ್ಲಿ ಸಿಗುವ ಪ್ರಮಾಣ 2 ಸೆಂಟಿಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಗಡ್ಡೆಗೆ ಬೀಳುವ ಪೆಟ್ಟು ಪಕ್ಕದ ಅಂಗಕ್ಕೆ ಅಷ್ಟೇ ಜೋರಾಗಿ ತಾಗದಿರುವುದು ಈ ಇಳಿತದಿಂದಲೇ. ಇನ್ನೊಂದು ಸಂಗತಿಯೂ ಇದೆ. ಮೂತ್ರಕೋಶ ತುಂಬಿದಂತೆ, ಖಾಲಿಯಾದಂತೆ ಗರ್ಭಾಶಯ ಜಾಗ ಬದಲಿಸುತ್ತದೆ, ಹೊರಗಿನ ಕಿರಣ ಅದನ್ನು ಬೆನ್ನಟ್ಟಬೇಕಾಗುತ್ತದೆ. ಮೂಲ ಸಾಗಲೆಂದು ಒಳಗೆ ಕೂರಿಸಿದ ಕೊಳವೆಯಾದರೋ ಅದರ ಜತೆಗೇ ಸರಿಯುತ್ತದೆ. ಎಷ್ಟೇ ಹೊಸ, ಎಷ್ಟೇ ದುಬಾರಿ ಹೊರಯಂತ್ರ ಬಂದರೂ ಈ ಅನುಕೂಲ ಅದಕ್ಕೆ ದಕ್ಕಿಲ್ಲ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. ಹೊಸ ಹೊರಯಂತ್ರಗಳ ಮೇಲಿನ ಮೋಹದಲ್ಲಿ ಅಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಬ್ರಾಕಿಥೆರಪಿಯ ಬಳಕೆ 1988ರಲ್ಲಿ ಶೇ. 83 ಇದ್ದದ್ದು 2009ರ ಹೊತ್ತಿಗೆ ಶೇ. 58ಕ್ಕೆ ಇಳಿಯಿತು. ಏಳು ಸಾವಿರಕ್ಕೂ ಹೆಚ್ಚು ಹೆಂಗಸರ ದಾಖಲೆಗಳನ್ನು ತೆಗೆದು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೋಲಿಕೆಗೆ ಸರಿಹೊಂದುವ ಗುಂಪುಗಳಲ್ಲಿ ಬ್ರಾಕಿ ಪಡೆದವರಲ್ಲಿ ನಾಲ್ಕು ವರ್ಷದ ನಂತರ ಬದುಕಿದ್ದವರು ಶೇ. 58, ಪಡೆಯದವರಲ್ಲಿ ಶೇ. 46. ನೂರಕ್ಕೆ ಹನ್ನೆರಡು ಜೀವ! ಹೊಸದೊಂದು ಔಷಧ ಇಷ್ಟು ವ್ಯತ್ಯಾಸ ತೋರಿಸಿದ್ದರೆ ಪತ್ರಿಕೆಗಳು ಮುಖಪುಟದಲ್ಲಿ ಹಾಕುತ್ತಿದ್ದವು. ಭಾರತಕ್ಕೆ ಈ ಲೆಕ್ಕ ಇನ್ನಷ್ಟು ಹತ್ತಿರದ್ದು. 2022ರ ಜಾಗತಿಕ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂದಿದೆ, ಸುಮಾರು 80 ಸಾವಿರ ಮಂದಿ ಸತ್ತಿದ್ದಾರೆ. ನಮ್ಮಲ್ಲಿ ಬಹುಪಾಲು ಹೆಂಗಸರು ರೋಗ ಬಲಿತ ಮೇಲೆಯೇ ಆಸ್ಪತ್ರೆಗೆ ಬರುತ್ತಾರೆ. ಶಸ್ತ್ರಕ್ರಿಯೆ ದಾಟಿದ ಆ ಹಂತದಲ್ಲಿ ಬದುಕಿಸುವ ಶಕ್ತಿ ಇರುವುದು ವಿಕಿರಣಕ್ಕೆ.

ಬ್ರಾಕಿಯ ದಿನ ನಿಜವಾಗಿ ಏನು ನಡೆಯುತ್ತದೆಂದು ಯಾರೂ ಬಿಡಿಸಿ ಹೇಳದಿರುವುದರಿಂದಲೇ ಹೆಚ್ಚಿನ ಭಯ ಹುಟ್ಟುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಂದಿನ ರಾತ್ರಿ ಹಗುರ ಊಟ, ಹೊಟ್ಟೆ ಖಾಲಿ ಮಾಡಿಸುವ ಔಷಧ. ಬೆಳಿಗ್ಗೆ ಆಪರೇಶನ್ ಥಿಯೇಟರಿನಂಥ ಕೋಣೆಯಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ಇಲ್ಲವೇ ಮಂಪರು ಬರಿಸುತ್ತಾರೆ. ಮೂತ್ರಕ್ಕೆ ನಳಿಕೆ ಹಾಕುತ್ತಾರೆ. ಗರ್ಭಾಶಯದೊಳಕ್ಕೆ ಸಣ್ಣಗೆ ಬಾಗಿದ ಒಂದು ಕೊಳವೆ, ಗರ್ಭಕಂಠದ ಎರಡು ಮಗ್ಗುಲಿಗೆ ಗುಂಡು ತುದಿಯ ಎರಡು ಕೊಳವೆ ಅಥವಾ ಒಂದು ಉಂಗುರ ಕೂರಿಸಿ, ಅಲುಗಾಡದಂತೆ, ಮೂತ್ರಕೋಶ ಮತ್ತು ಗುದನಾಳ ದೂರ ಸರಿಯುವಂತೆ ಸುತ್ತ ಗಾಜ್ ಬಟ್ಟೆ ತುಂಬುತ್ತಾರೆ. ಈ ತನಕ ವಿಕಿರಣದ ಸೋಂಕೇ ಇಲ್ಲ, ಅವು ಬರೀ ಖಾಲಿ ಕೊಳವೆಗಳು. ಆಮೇಲೆ ಸಿ.ಟಿ. ಅಥವಾ ಎಂ.ಆರ್.ಐ. ತೆಗೆದು, ಎಲ್ಲಿ ಎಷ್ಟು ಹೊತ್ತು ಎಂಬ ಲೆಕ್ಕವನ್ನು ವೈದ್ಯರೂ ಭೌತವಿಜ್ಞಾನಿಯೂ ಕೂತು ಕಂಪ್ಯೂಟರಿನಲ್ಲಿ ಹಾಕುತ್ತಾರೆ. ರೋಗಿಗೆ ಅತ್ಯಂತ ಬೇಸರದ ಹೊತ್ತು ಇದೇ: ಕಾಲು ಅಲುಗಿಸದೆ ಗಂಟೆಗಟ್ಟಲೆ ಕಾಯಬೇಕು. ಲೆಕ್ಕ ಮುಗಿದ ಮೇಲೆ ಕೊಳವೆಗಳನ್ನು ಯಂತ್ರಕ್ಕೆ ಜೋಡಿಸಿ ಎಲ್ಲರೂ ಹೊರಗೆ ಬರುತ್ತಾರೆ. ದಪ್ಪ ಬಾಗಿಲು ಮುಚ್ಚಿದ ಮೇಲೆ ತೆಳ್ಳನೆಯ ತಂತಿಯ ತುದಿಗೆ ಬೆಸೆದ, ಮೂರು ನಾಲ್ಕು ಮಿಲಿಮೀಟರ್ ಉದ್ದದ ಇರಿಡಿಯಂ ತುಣುಕು ಯಂತ್ರದಿಂದ ಹೊರಟು ಕೊಳವೆಯೊಳಗೆ ಸರಿಯುತ್ತದೆ. ಒಂದೊಂದು ಜಾಗದಲ್ಲಿ ಕೆಲವು ಸೆಕೆಂಡು ನಿಂತು ಮುಂದೆ ಹೋಗಿ ಮರಳಿ ಯಂತ್ರದೊಳಗಿನ ಭದ್ರ ಪೆಟ್ಟಿಗೆ ಸೇರುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸ. ಹೊರಗಿನವರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮಾತನಾಡಿಸುತ್ತಾರೆ. ಕೊಳವೆ ತೆಗೆದ ಮೇಲೆ ಆಕೆಯ ಮೈಯಲ್ಲಿ ವಿಕಿರಣದ ಒಂದು ಕಣವೂ ಉಳಿಯುವುದಿಲ್ಲ. ಅದೇ ಸಂಜೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು.

ಆದರೂ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ರೇಡಿಯಂ, ಆಮೇಲೆ ಸೀಸಿಯಂ ಬಳಸುತ್ತಿದ್ದ ಕಾಲದಲ್ಲಿ ಹೆಂಗಸು ಒಂಟಿ ಕೋಣೆಯಲ್ಲಿ ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು, ಮಗ್ಗುಲು ಬದಲಿಸದೆ ಮಲಗಬೇಕಿತ್ತು. ಅತ್ತೆಗೋ ದೊಡ್ಡಮ್ಮನಿಗೋ ಹಾಗಾದದ್ದನ್ನು ಕಂಡವರು ಈಗಲೂ ಇದ್ದಾರೆ. ಜತೆಗೆ, ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕುಡಿಸಿದಾಗ ಕೆಲವು ದಿನ ಪ್ರತ್ಯೇಕ ಇಡುವುದನ್ನೂ ಇದನ್ನೂ ಜನ ಬೆರೆಸುತ್ತಾರೆ. ಅದರಲ್ಲಿ ಔಷಧವೇ ಮೈಯೊಳಗೆ ಸುತ್ತಾಡುತ್ತದೆ, ಇದರಲ್ಲಿ ಮೂಲ ಬಂದು ಹೋಗುತ್ತದೆ. ಎರಡರ ಎಚ್ಚರಿಕೆಯೂ ಬೇರೆ. ಈ ವ್ಯತ್ಯಾಸವನ್ನು ರೋಗಿಯ ಭಾಷೆಯಲ್ಲಿ ಹೇಳಲು ಹತ್ತು ನಿಮಿಷ ಸಾಕು, ಆ ಹತ್ತು ನಿಮಿಷವೇ ನಮ್ಮ ಆಸ್ಪತ್ರೆಗಳ ಗದ್ದಲದಲ್ಲಿ ಸಿಗುವುದಿಲ್ಲ.

ಇನ್ನೊಂದು ಅಡ್ಡಿ, “ಗಡ್ಡೆ ಇದೆಯಲ್ಲ, ಗರ್ಭಕೋಶ ತೆಗೆದುಬಿಡಿ ಡಾಕ್ಟ್ರೇ” ಎನ್ನುವ ಒತ್ತಾಯ. ಕತ್ತರಿಸಿ ತೆಗೆದದ್ದು ಕಣ್ಣಿಗೆ ಕಾಣುತ್ತದೆ, ವಿಕಿರಣ ಕಾಣುವುದಿಲ್ಲ, ಆದ್ದರಿಂದ ಮೊದಲನೆಯದರಲ್ಲಿ ನಂಬಿಕೆ. ಇದಕ್ಕೆ ಉತ್ತರ ಪರದೇಶದಿಂದ ಬರಬೇಕಾಗಿಲ್ಲ, ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲೇ ಇದೆ. 2003ರಿಂದ 2015ರ ತನಕ ಅಲ್ಲಿ 633 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲು ಕೀಮೊ ಕೊಟ್ಟು ಆಮೇಲೆ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಕೀಮೊ ಜತೆ ವಿಕಿರಣ (ಬ್ರಾಕಿಯೂ ಸೇರಿ) ಕೊಟ್ಟು ನೋಡಿದರು. 2018ರಲ್ಲಿ ಫಲಿತಾಂಶ ಬಂತು: ಐದು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರು ಶಸ್ತ್ರಕ್ರಿಯೆಯ ಗುಂಪಿನಲ್ಲಿ ಶೇ. 69.3, ವಿಕಿರಣದ ಗುಂಪಿನಲ್ಲಿ ಶೇ. 76.7. ಬದುಕುಳಿದವರ ಒಟ್ಟು ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು ಎನ್ನುವುದನ್ನೂ ಹೇಳಲೇಬೇಕು. ಆದರೂ ವಿಕಿರಣ ಎರಡನೇ ದರ್ಜೆಯ ಚಿಕಿತ್ಸೆ, ಬಡವರಿಗೆ ಕೊಡುವಂಥದ್ದು ಎಂಬ ಮಾತಿಗೆ ಇನ್ನು ಜಾಗವಿಲ್ಲ. ಅದೇ ಆಸ್ಪತ್ರೆ ಪಾಲುಗೊಂಡ, ಎಂ.ಆರ್.ಐ. ನೋಡಿ ಬ್ರಾಕಿ ಕೊಡುವ ಕ್ರಮದ ಅಂತರರಾಷ್ಟ್ರೀಯ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ 1,341 ಹೆಂಗಸರಿದ್ದರು, ಐದು ವರ್ಷದ ನಂತರ ಶೇ. 92ರಷ್ಟು ಮಂದಿಯಲ್ಲಿ ಗರ್ಭಕಂಠದ ಜಾಗದಲ್ಲಿ ರೋಗ ಹತೋಟಿಯಲ್ಲಿತ್ತು.

ಉಳಿದ ಕ್ಯಾನ್ಸರುಗಳಲ್ಲಿ ಇಷ್ಟು ಹಟ ಹಿಡಿಯಬೇಕಾಗಿಲ್ಲ. ಆರಂಭದ ಹಂತದ ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಕ್ರಿಯೆ, ಹೊರವಿಕಿರಣ, ಒಳವಿಕಿರಣ ಮೂರೂ ಒಳ್ಳೆಯ ಫಲ ಕೊಡುತ್ತವೆ, ಅಡ್ಡಪರಿಣಾಮ ನೋಡಿ ಆರಿಸಿಕೊಳ್ಳಬಹುದು. ಸ್ತನದ ಸಣ್ಣ ಗಡ್ಡೆ, ತುಟಿ, ನಾಲಿಗೆಯ ಅಂಚಿನ ಗಡ್ಡೆಗಳಲ್ಲಿ ಆಯ್ದ ಕೆಲವರಿಗೆ ಬ್ರಾಕಿ ಸೊಗಸಾಗಿ ಒಗ್ಗುತ್ತದೆ, ಎಲ್ಲರಿಗೂ ಅಲ್ಲ. ಕಣ್ಣೊಳಗಿನ ಕ್ಯಾನ್ಸರಿಗೆ ಕಣ್ಣುಗುಡ್ಡೆಯ ಹೊರಮೈಗೆ ಸಣ್ಣ ಬಿಲ್ಲೆ ಹೊಲಿದು ಕಣ್ಣು ಉಳಿಸುತ್ತಾರೆ. ರುಥೇನಿಯಂ-106ರ ಅಂಥ ಬಿಲ್ಲೆಯನ್ನು ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವೇ ತಯಾರಿಸಿದ್ದು, 2020ರ ಹೊತ್ತಿಗೆ ದೇಶದ ಆಸ್ಪತ್ರೆಗಳಿಗೆ ತಲುಪಿತು.

ಟ್ರಾಂಬೆ ಎಂದಾಗ ಈ ಪ್ರದೇಶದ ಭಾಗ್ಯ ನೆನಪಾಗುತ್ತದೆ. ವೈದ್ಯಕೀಯ ಐಸೊಟೋಪ್‌ಗಳನ್ನು ಒದಗಿಸುವ ಪರಮಾಣು ಇಲಾಖೆಯ ಸಂಸ್ಥೆ ‘ಬ್ರಿಟ್’ ಇರುವುದು ವಾಶಿಯಲ್ಲಿ. ವಿಕಿರಣದ ಸುರಕ್ಷತೆಗೆ ಅಂಕುಶ ಹಾಕುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅಣುಶಕ್ತಿನಗರದಲ್ಲಿದೆ. ಟಾಟಾ ಸ್ಮಾರಕ ಕೇಂದ್ರದ ‘ಆಕ್ಟ್ರೆಕ್’ ಖಾರ್‌ಘರ್‌ನಲ್ಲಿ 60 ಎಕರೆಯಲ್ಲಿ ಹರಡಿದೆ, ಅಲ್ಲಿನ ಮಹಿಳೆಯರ ಮತ್ತು ಮಕ್ಕಳ ಕ್ಯಾನ್ಸರ್ ಆಸ್ಪತ್ರೆಯ ಕಟ್ಟಡವೂ ಪ್ರೋಟಾನ್ ಚಿಕಿತ್ಸೆಯ ಕೇಂದ್ರವೂ 2023ರ ಮೇ 11ರಂದು ಲೋಕಾರ್ಪಣೆಗೊಂಡವು. ಇವೆಲ್ಲದರ ಹಿಂದಿನ ಕಥೆಯಲ್ಲಿ ಮೈಸೂರಿನ ಎಳೆಯೊಂದಿದೆ. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ ಬೆಳೆದದ್ದು ಮೈಸೂರು ಸಂಸ್ಥಾನದಲ್ಲಿ. ಅವರ ತಂದೆ ಎಚ್.ಜೆ. ಭಾಭಾ ಅಲ್ಲಿ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದರು. 1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಕ್ಯಾನ್ಸರಿಗೆ ಒಳ್ಳೆಯ ಚಿಕಿತ್ಸೆ ನಮ್ಮ ದೇಶದಲ್ಲೂ ಸಿಗಬೇಕೆಂಬ ಹಂಬಲದಿಂದ ಹೊರಟ ಯೋಜನೆ 1941ರ ಫೆಬ್ರವರಿ 28ರಂದು ಪರೇಲ್‌ನ ಆಸ್ಪತ್ರೆಯಾಗಿ ತೆರೆಯಿತು. 1962ರಲ್ಲಿ ಅದು ಪರಮಾಣು ಇಲಾಖೆಯ ಕೈಗೆ ಬಂತು. ಆ ಇಲಾಖೆಯನ್ನು ಕಟ್ಟುತ್ತಿದ್ದ ಹೋಮಿ ಭಾಭಾ ಮೆಹರ್‌ಬಾಯಿಯವರ ಸೋದರನ ಮಗ. ಕ್ಯಾನ್ಸರ್ ಆಸ್ಪತ್ರೆ ಆರೋಗ್ಯ ಇಲಾಖೆಯ ಬದಲು ಪರಮಾಣು ಇಲಾಖೆಯಡಿ ಬಂದದ್ದು ಎಷ್ಟು ದೂರದೃಷ್ಟಿಯ ತೀರ್ಮಾನವೆಂದು ವಿಕಿರಣ ಚಿಕಿತ್ಸೆಯನ್ನು ನೋಡಿದಾಗ ಅರ್ಥವಾಗುತ್ತದೆ.

ಇಷ್ಟೆಲ್ಲ ಕೂಗಳತೆಯಲ್ಲಿದ್ದೂ ಡೊಂಬಿವಲಿಯ ಹೆಂಗಸಿಗೆ ಅದು ದೂರವೇ. 25 ದಿನ, ವಾರಕ್ಕೆ ಐದರಂತೆ, ಅವಳು ಪರೇಲ್‌ಗೆ ಹೋಗಿ ಬರಬೇಕು. ಮೂರನೆಯ ವಾರದಿಂದ ಭೇದಿ, ಪದೇಪದೇ ಮೂತ್ರ ಶುರುವಾಗುತ್ತದೆ. ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ. ಬೆಳಗಿನ ಫಾಸ್ಟ್ ಲೋಕಲಿಗೆ ಡೊಂಬಿವಲಿಯಲ್ಲಿ ಹತ್ತುವುದೆಂದರೆ ಗಟ್ಟಿಮುಟ್ಟಾದವರಿಗೇ ಕಷ್ಟ. ಕ್ಯಾನ್ಸರ್ ರೋಗಿಗಳಿಗೂ ಅವಕಾಶವಿರುವ ಮೀಸಲು ಬೋಗಿಯಲ್ಲಿ ಸೀಟು ಸಿಕ್ಕಿದರೂ ಠಾಣೆ ದಾಟುವಷ್ಟರಲ್ಲಿ ಹೊಟ್ಟೆ ಕಿವುಚಿದರೆ ಇಳಿಯಲೇಬೇಕು. ಹೀಗಾಗಿ ಎಷ್ಟೋ ಮಂದಿ ದಾರಿಯಲ್ಲಿ ಏನೂ ಕುಡಿಯುವುದಿಲ್ಲ, ತಿನ್ನುವುದಿಲ್ಲ, ಇನ್ನಷ್ಟು ಸೊರಗುತ್ತಾರೆ. ಖಾರ್‌ಘರ್‌ಗೆ ಹೋಗುವವರು ಠಾಣೆಯಲ್ಲಿ ಇಳಿದು ಪನ್ವೇಲ್ ಕಡೆಯ ಗಾಡಿ ಹಿಡಿಯಬೇಕು, ಇಲ್ಲವೇ ಶಿಲ್‌ಫಾಟಾ, ತಳೋಜಾ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂರಬೇಕು. ಐದು ವಾರ ಹೀಗೆ ಕಳೆದವಳಿಗೆ ಮತ್ತೆ ಮೂರು ನಾಲ್ಕು ಸಲ ಬಾ ಎಂದಾಗ ಕಾಲು ಹಿಂದೆ ಸರಿದರೆ ತಪ್ಪು ಹೇಳುವುದು ಹೇಗೆ?

ಆದರೆ ರೋಗ ನಮ್ಮ ದಣಿವಿಗೆ ಕಾಯುವುದಿಲ್ಲ. ಮೊದಲ ದಿನದಿಂದ ಹಿಡಿದು ಕೊನೆಯ ಬ್ರಾಕಿಯ ತನಕ ಎಲ್ಲವೂ 8 ವಾರದೊಳಗೆ ಮುಗಿಯಬೇಕು. ಅದಕ್ಕಿಂತ ಉದ್ದ ಎಳೆದ ಒಂದೊಂದು ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇ. 1ರಷ್ಟು ಇಳಿಯಬಹುದೆಂದು ಹಳೆಯ ಅಧ್ಯಯನಗಳೇ ಹೇಳಿವೆ. ನಮ್ಮವರು ಮಾಡುವ ಇನ್ನೊಂದು ಕೆಲಸ ಇಲ್ಲಿ ನೆನಪಾಗುತ್ತದೆ: ಅರ್ಧ ಚಿಕಿತ್ಸೆ ಇಲ್ಲಿ ಮುಗಿಸಿ, “ಉಳಿದದ್ದು ಊರಲ್ಲಿ ಮಾಡಿಸೋಣ, ನೋಡಿಕೊಳ್ಳೋಕೆ ಜನ ಇದ್ದಾರೆ” ಎಂದು ಮಂಗಳೂರಿಗೋ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೊರಡುವುದು. ಊರಿಗೆ ಹೋಗುವುದರಲ್ಲಿ ತಪ್ಪಿಲ್ಲ, ಹೋಗುವುದಾದರೆ ಮೊದಲ ದಿನಕ್ಕೇ ಹೋಗಬೇಕು. ನಡುವೆ ಬದಲಿಸಿದರೆ ಹೊಸ ಆಸ್ಪತ್ರೆಯವರು ಹಳೆಯ ಯೋಜನೆಯ ಕಾಗದ ತರಿಸಿ, ಮತ್ತೆ ಪರೀಕ್ಷೆ ಮಾಡಿ, ದಿನಾಂಕ ಕೊಡುವಷ್ಟರಲ್ಲಿ ಎರಡು ಮೂರು ವಾರ ಹೋಗಿರುತ್ತದೆ.

ಹಾಗಾದರೆ ಕಲ್ಯಾಣ್‌ನಲ್ಲಿ, ಡೊಂಬಿವಲಿಯಲ್ಲಿ ಕೈಗೆಟಕುವ ಬ್ರಾಕಿ ಸೌಲಭ್ಯ ಏಕೆ ಬೆಳೆಯುವುದಿಲ್ಲ? ಕಾರಣ ಮುಖ್ಯವಾಗಿ ಲೆಕ್ಕಾಚಾರದ್ದು. ಇರಿಡಿಯಂ-192ರ ಶಕ್ತಿ 74 ದಿನಕ್ಕೆ ಅರ್ಧವಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಮೂಲ ತರಿಸಲೇಬೇಕು, ರೋಗಿಗಳು ಇಬ್ಬರೇ ಬಂದರೂ ಇಪ್ಪತ್ತು ಮಂದಿ ಬಂದರೂ ಖರ್ಚು ಅಷ್ಟೇ. ಅರವಳಿಕೆ ತಜ್ಞರು, ಭೌತವಿಜ್ಞಾನಿ, ತರಬೇತಾದ ನರ್ಸ್ ಇಡೀ ಹೊತ್ತು ಬೇಕು. ಅದೇ ವೇಳೆಯಲ್ಲಿ ಹೊರಯಂತ್ರದಲ್ಲಿ ಹತ್ತಾರು ರೋಗಿಗಳ ಚಿಕಿತ್ಸೆ ಮುಗಿಯುತ್ತದೆ. ಖಾಸಗಿ ಆಸ್ಪತ್ರೆಗೆ ಲಾಭ ಎಲ್ಲಿದೆಯೆಂದು ಹೇಳಬೇಕಾಗಿಲ್ಲ. ಹಾಗಾಗಿ ಈ ಕೆಲಸ ಸಾರ್ವಜನಿಕ ವ್ಯವಸ್ಥೆಯದ್ದು ಎಂದು ನಾನು ದೃಢವಾಗಿ ನಂಬುತ್ತೇನೆ. 2011ರ ಜನಗಣತಿಯಲ್ಲೇ ಠಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿ ಮೂರು ಪಾಲಿಕೆಗಳಲ್ಲಿ ಸೇರಿ 42 ಲಕ್ಷ ಜನರಿದ್ದರು. ಮೂರೂ ಪಾಲಿಕೆಗಳು ಒಟ್ಟಾಗಿ ಕೋಬಾಲ್ಟ್-60 ಬಳಸುವ ಒಂದು ಬ್ರಾಕಿ ಘಟಕ ನಡೆಸಬಹುದು. ಕೋಬಾಲ್ಟಿನ ಶಕ್ತಿ ಅರ್ಧವಾಗಲು ಐದು ವರ್ಷಕ್ಕೂ ಹೆಚ್ಚು ಬೇಕು, ಪದೇಪದೇ ಮೂಲ ಬದಲಿಸುವ ಖರ್ಚಿಲ್ಲ, ಫಲದಲ್ಲಿ ಇರಿಡಿಯಂಗೆ ಕಡಿಮೆಯೇನಲ್ಲ. ಖಾರ್‌ಘರ್‌ನ ಪ್ರೋಟಾನ್ ಕೇಂದ್ರದ ಬಗ್ಗೆ ನನಗೆ ಹೆಮ್ಮೆಯಿದೆ, ಮಕ್ಕಳ ಮೆದುಳಿನ ಗಡ್ಡೆಗೆ ಅದು ವರವೇ. ಆದರೆ ಬಲಿತ ಗರ್ಭಕಂಠದ ಕ್ಯಾನ್ಸರ್ ಇರುವ ಕಲ್ಯಾಣಿನ ಮನೆಗೆಲಸದ ಹೆಂಗಸಿಗೆ, ಕಲಬುರಗಿಯಿಂದ ಬಂದು ನವಿ ಮುಂಬಯಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವಳಿಗೆ ಬೇಕಾದದ್ದು ಆ ತೆಳ್ಳನೆಯ ತಂತಿ.

ಚಿಕಿತ್ಸೆಯ ಪರವಾಗಿ ವಾದಿಸುವಾಗ ಅದರ ನೋವನ್ನು ಮುಚ್ಚಿಡುವುದು ಅನ್ಯಾಯ. ಅರವಳಿಕೆ ಇಲ್ಲದೆ, ನೋವು ತಗ್ಗಿಸುವ ಒಂದು ಇಂಜೆಕ್ಷನ್ನಿನಲ್ಲಿ ಮುಗಿಸುವ ಕಡೆಗಳೂ ಇವೆ. ಮೊದಲ ಸಲ ಹಾಗೆ ನೊಂದವಳು ಎರಡನೆಯ ಸಲ ಬಾರದಿದ್ದರೆ ಅದನ್ನು ಅವಳ ಅಜ್ಞಾನವೆಂದು ಬರೆಯಬಾರದು. ಬೆನ್ನಿನ ಇಂಜೆಕ್ಷನ್ ಅಥವಾ ಮಂಪರು ಕೇಳುವುದು ಹಕ್ಕು. ಆಮೇಲಿನ ತಿಂಗಳುಗಳಲ್ಲಿ ಯೋನಿ ಕಿರಿದಾಗಿ ಒಣಗುವುದು, ಗಂಡನ ಜತೆ ಸೇರುವುದು ಕಷ್ಟವಾಗುವುದು, ಕೆಲವರಿಗೆ ಗುದದಲ್ಲಿ ರಕ್ತ ಕಾಣಿಸುವುದು ಇವೆಲ್ಲ ಇವೆ. ಕಿರಿಯರಿಗೆ ಮುಟ್ಟು ನಿಂತುಹೋಗುತ್ತದೆ. ಯೋನಿ ಕಿರಿದಾಗದಂತೆ ಬಳಸುವ ನಯವಾದ ಕಡ್ಡಿಯಂಥ ಉಪಕರಣವಿದೆ, ಅದನ್ನು ಬಳಸುವ ಕ್ರಮವನ್ನು ನರ್ಸ್ ಹೇಳಿಕೊಡಬೇಕು. ಮನೆಯಲ್ಲಿ ಯಾರೂ ಬಾಯಿ ಬಿಡದ ಈ ವಿಷಯವನ್ನು ಆಸ್ಪತ್ರೆಯೂ ಹೇಳದಿದ್ದರೆ, ಬದುಕಿ ಬಂದವಳು ಒಂಟಿಯಾಗಿ ನವೆಯುತ್ತಾಳೆ.

ಆದ್ದರಿಂದ ಆಸ್ಪತ್ರೆ ಆರಿಸುವಾಗಲೇ ಕೇಳಬೇಕಾದ ಪ್ರಶ್ನೆಗಳು ಬೇರೆ. ಯಂತ್ರ ಯಾವ ಕಂಪನಿಯದ್ದು, ಎಷ್ಟು ಹೊಸತು ಎಂಬುದಲ್ಲ. ಬ್ರಾಕಿ ಇಲ್ಲೇ ಕೊಡುತ್ತೀರಾ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ, ಅಲ್ಲಿನ ದಿನಾಂಕ ಈಗಲೇ ಬರೆದುಕೊಡುತ್ತೀರಾ, ನೋವಿಗೆ ಏನು ಮಾಡುತ್ತೀರಿ ಎಂಬುದು. “ಅದರ ಅಗತ್ಯವಿಲ್ಲ, ನಮ್ಮ ಹೊರಯಂತ್ರದಲ್ಲೇ ಪೂರ್ತಿ ಮಾಡುತ್ತೇವೆ” ಎಂಬ ಉತ್ತರ ಬಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಒಪ್ಪಬಾರದು. ಹಣದ ವಿಷಯದಲ್ಲಿ ಮಹಾರಾಷ್ಟ್ರದ ಮಹಾತ್ಮಾ ಫುಲೆ ಜನಾರೋಗ್ಯ ಯೋಜನೆಯಿದೆ. ಕರ್ನಾಟಕದ ವಿಳಾಸವಿರುವ ಆಯುಷ್ಮಾನ್ ಕಾರ್ಡ್ ಇಲ್ಲಿನ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯಬೇಕು. ಆಸ್ಪತ್ರೆಯ ಸಮಾಜ ಸೇವಾ ವಿಭಾಗವನ್ನು ಮೊದಲ ವಾರವೇ ಕಾಣಬೇಕು. ದೂರದವರಿಗೆ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಂಥ ಆಸರೆಗಳಿವೆ.

ನಮ್ಮ ಕನ್ನಡ ಸಂಘಗಳ ಹತ್ತಿರವೂ ಒಂದು ಮಾತು. ಈ ಊರುಗಳಲ್ಲಿ ಶಾಲೆ ನಡೆಸಿದ, ಯಕ್ಷಗಾನ ಉಳಿಸಿದ, ವಿದ್ಯಾರ್ಥಿವೇತನ ಹಂಚಿದ ಸಂಘಗಳಿವೆ. ಮಹಿಳಾ ವಿಭಾಗಗಳಿವೆ, ಅಲ್ಲಿ ಬಿಡುವಿರುವ ನಿವೃತ್ತ ಶಿಕ್ಷಕಿಯರಿದ್ದಾರೆ, ನರ್ಸುಗಳಿದ್ದಾರೆ. ಬ್ರಾಕಿಯ ದಿನ ಬೇಕಾಗುವುದು ದೊಡ್ಡ ದೇಣಿಗೆಯಲ್ಲ. ಬೆಳಿಗ್ಗೆ ಜತೆಗೆ ಹೋಗಿ, ಥಿಯೇಟರಿನ ಹೊರಗೆ ಕೂತು, ವೈದ್ಯರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ, ಮಂಪರು ಇಳಿಯುವ ತನಕ ಇದ್ದು, ಸಂಜೆ ರೈಲಿನ ನೂಕುನುಗ್ಗಲಿಗೆ ಸಿಕ್ಕದಂತೆ ಟ್ಯಾಕ್ಸಿಯಲ್ಲಿ ಮನೆಗೆ ಕರೆತರುವ ಒಬ್ಬ ಹೆಂಗಸು ಬೇಕು, ಆ ಟ್ಯಾಕ್ಸಿಯ ಬಾಡಿಗೆ ಬೇಕು. ಒಬ್ಬಳು ರೋಗಿಗೆ ಇದು ಮೂರು ಅಥವಾ ನಾಲ್ಕು ದಿನದ ಕೆಲಸ, ಎರಡು ಮೂರು ವಾರದೊಳಗೆ ಮುಗಿಯುತ್ತದೆ.